ಕಡ್ಡಿ ಮೊದಲು, ಅಂಕಿ ಆಮೇಲೆ

ದಾಂಡೇಲಿ, 3 ನವೆಂಬರ್ 2024, ರವಿವಾರ

ದೀಪಾವಳಿಯ ಪಾಡ್ಯ ನಿನ್ನೆಗೆ ಮುಗಿಯಿತು. ಬಂದವರೆಲ್ಲ ಹೋದರು. ಮೊಮ್ಮಗಳೊಬ್ಬಳು ನಾಳೆ ಬೆಳಗಿನ ಬಸ್ಸಿಗೆ ಹಾಸ್ಟೆಲ್‌ಗೆ ಹೊರಡುವವಳು. ಅದಕ್ಕೇ ಇವತ್ತು ಊಟದ ಮೇಜನ್ನು ರೇಡಿಯೋದಿಂದ ಹಾರಿಸುವ ಮಾದರಿ ವಿಮಾನ ಆಕ್ರಮಿಸಿತು.

ಕಟ್ಟುತ್ತಿರುವುದು ಎಚ್‌ಟಿ-2. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರು ವಿನ್ಯಾಸ ಮಾಡಿದ, 1951ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ. ನಮ್ಮ ದೇಶದಲ್ಲೇ ವಿನ್ಯಾಸಗೊಂಡು ಉತ್ಪಾದನೆಗೆ ಬಂದ ಮೊದಲ ವಿಮಾನ ಅದು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅದರ ಮುಂದೆ ನಿಂತ ದಿನವೇ ಇದನ್ನು ಕಟ್ಟಬೇಕು ಅನಿಸಿತ್ತು. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ 10.72 ಮೀಟರ್. ನಮ್ಮದು ಅದರ ಎಂಟನೇ ಒಂದು ಭಾಗ, 134 ಸೆಂ.ಮೀ. ರೆಕ್ಕೆ ಒಡಲಿನ ಕೆಳಗೆ ಕೂರುವ ಮಾದರಿ ಇದು. ಮೇಲುರೆಕ್ಕೆಯ ಕಲಿಕೆ ವಿಮಾನ ಒಂದು ಕಡೆ ವಾಲಿದರೂ ತಾನಾಗಿ ನೆಟ್ಟಗಾಗುತ್ತದೆ. ಕೆಳರೆಕ್ಕೆಯದು ಅಷ್ಟು ಸುಲಭವಾಗಿ ಆಗುವುದಿಲ್ಲ, ಅದನ್ನು ರೆಕ್ಕೆಯ ಹಿಂದಂಚಿನಲ್ಲಿ ಏಳುವ, ಇಳಿಯುವ ಪಟ್ಟಿಗಳಾದ ಐಲೆರಾನ್‌ಗಳೇ ಹಿಡಿದು ನಡೆಸಬೇಕು. ಆದ್ದರಿಂದ ಐಲೆರಾನ್ ಆಡಿಸುವ ಸರ್ವೊ ಕೂರಿಸುವುದರಲ್ಲಿ ನನಗೆ ಅವಸರ ಬೇಡ.

ಎರಡು ಸರ್ವೊ ಬಂದಿವೆ. ಲೋಹದ ಗೇರಿನವು, ಒಂದೊಂದೂ ಹನ್ನೆರಡು ಹದಿಮೂರು ಗ್ರಾಂ. ಒಳಗಿರುವುದು ಪುಟ್ಟ ಮೋಟರ್, ಗೇರುಗಳ ಸಾಲು, ಕೊನೆಯ ಗೇರಿಗೆ ಜೋಡಿಸಿದ ಪೊಟೆನ್ಷಿಯೋಮೀಟರ್, ಒಂದು ಬೋರ್ಡು. ರಿಸೀವರ್ ಪ್ರತಿ 20 ಮಿಲಿಸೆಕೆಂಡಿಗೆ ಒಂದು ವಿದ್ಯುತ್ ಮಿಡಿತ ಕಳಿಸುತ್ತದೆ. ಮಿಡಿತದ ಉದ್ದ 1.5 ಮಿಲಿಸೆಕೆಂಡ್ ಇದ್ದರೆ ಅಕ್ಷದ ಮೇಲಿನ ಆರ್ಮ್ ನಡುವೆ, 1ಕ್ಕೆ ಇಳಿದರೆ ಒಂದು ತುದಿ, 2ಕ್ಕೆ ಏರಿದರೆ ಇನ್ನೊಂದು ತುದಿ. ಪೊಟೆನ್ಷಿಯೋಮೀಟರ್ "ನಾನು ಇಲ್ಲಿದ್ದೇನೆ" ಅನ್ನುತ್ತದೆ, ಮಿಡಿತ "ಅಲ್ಲಿಗೆ ಹೋಗು" ಅನ್ನುತ್ತದೆ, ವ್ಯತ್ಯಾಸ ಅಳಿಯುವವರೆಗೆ ಮೋಟರ್ ತಿರುಗುತ್ತದೆ.

ಕಾಗದದ ಮಿಲ್ಲಿನ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಜೀವನ ಕಳೆದವನಿಗೆ ಇದು ಹಳೆಯ ಪರಿಚಯ. ಅಲ್ಲಿ ಕಂಟ್ರೋಲ್ ವಾಲ್ವಿನ ಪೊಸಿಶನರ್‌ಗೆ ಬರುತ್ತಿದ್ದದ್ದು 4ರಿಂದ 20 ಮಿಲಿಆಂಪಿಯರ್ ಸಿಗ್ನಲ್, ನಡು 12. ಕೆಲಸದ ಕ್ರಮವನ್ನು ಹಿರಿಯ ಫಿಟ್ಟರ್ ಒಬ್ಬರು ಹೇಳಿಕೊಟ್ಟಿದ್ದರು: ವಾಲ್ವು ಅರ್ಧ ತೆರೆದಾಗ ಫೀಡ್‌ಬ್ಯಾಕ್ ಲಿವರ್ ಸ್ಟೆಮ್ಮಿಗೆ ಕಾಟಕೋನದಲ್ಲಿ ನಿಲ್ಲಬೇಕು, ಅದಾದ ಮೇಲೆಯೇ ಝೀರೊ, ಸ್ಪ್ಯಾನ್ ತಿರುಪು ಮುಟ್ಟಬೇಕು. ಲಿವರ್ ಸೊಟ್ಟಗಿದ್ದರೆ ಝೀರೊ ಸರಿಹೋದಂತೆ ಕಾಣುತ್ತದೆ, ನಡು ತಪ್ಪಿರುತ್ತದೆ.

ಮೊಮ್ಮಗಳು ರೇಡಿಯೋ ಆನ್ ಮಾಡಿ, ಸರ್ವೊಕ್ಕೆ ಆರ್ಮ್ ಒತ್ತಿದಳು. ಅದು ಹತ್ತು ಡಿಗ್ರಿಯಷ್ಟು ವಾಲಿ ನಿಂತಿತು.

"ಅಜ್ಜಾ, ರೇಡಿಯೋದಾಗ ಸಬ್‌ಟ್ರಿಮ್ ಐತಲ್ಲ. ನಲವತ್ತು ಕೊಟ್ಟೆ, ನೆಟ್ಟಗಾತು ನೋಡು."

"ಆತು ಖರೆ. ಈಗ ಸ್ಟಿಕ್ ಎಡಕ್ಕ ಪೂರ್ತಿ ತಳ್ಳು, ಬಲಕ್ಕ ಪೂರ್ತಿ ತಳ್ಳು, ಎರಡೂ ಅಳಿ."

ಅಳೆದಳು. ಒಂದು ಕಡೆಯ ಓಟ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಸರ್ವೊದ ಒಟ್ಟು ಓಟ ನಿಗದಿಯಾದದ್ದು. ನಡುವನ್ನು ರೇಡಿಯೋದಿಂದ ಪಕ್ಕಕ್ಕೆ ಎಳೆದರೆ ಒಂದು ಬದಿಯಲ್ಲಿ ಉಳಿಯುವ ಜಾಗ ಕಮ್ಮಿಯಾಗುತ್ತದೆ.

ಆರ್ಮ್ ಬಿಚ್ಚಿ ಒಂದು ಹಲ್ಲು ಆಚೆ ಹಾಕಿದರೆ ಈಗ ಇನ್ನೊಂದು ದಿಕ್ಕಿಗೆ ವಾಲಿತು. ಅಕ್ಷದ ಮೇಲೆ 25 ಹಲ್ಲಿದ್ದರೆ ಒಂದು ಹಲ್ಲಿನ ಹೆಜ್ಜೆ 14.4 ಡಿಗ್ರಿ. ಚಿಕ್ಕ ಸರ್ವೊಗಳಲ್ಲಿ ಹಲ್ಲು ಇನ್ನೂ ಕಡಿಮೆ, ಹೆಜ್ಜೆ ಇನ್ನೂ ದೊಡ್ಡದು. ಇಲ್ಲಿ ಒಂದು ಉಪಾಯವಿದೆ. ನಾಲ್ಕು ತೋಳಿನ ಆರ್ಮ್ ತೆಗೆದುಕೊಳ್ಳಬೇಕು. ಹಲ್ಲಿನ ಸಂಖ್ಯೆ ಬೆಸವಾಗಿದ್ದರೆ ನಾಲ್ಕೂ ತೋಳು ಹಲ್ಲಿನ ಲೆಕ್ಕದಲ್ಲಿ ಬೇರೆ ಬೇರೆ ಕಡೆ ಬೀಳುತ್ತವೆ. 25 ಹಲ್ಲಿನದರಲ್ಲಿ ತೋಳಿನಿಂದ ತೋಳಿಗೆ 3.6 ಡಿಗ್ರಿ ವ್ಯತ್ಯಾಸ ಸಿಗುತ್ತದೆ. ತಿರುಗಿಸಿ ತಿರುಗಿಸಿ ನೋಡಿದರೆ ಒಂದಾದರೂ ನೆಟ್ಟಗೆ ನಿಲ್ಲುತ್ತದೆ. ಮಿಕ್ಕ ಮೂರನ್ನು ಕತ್ತರಿಸಿ ಬಿಸಾಡಬೇಕು. ಎಡದ್ದು ಹೀಗೆ ಕೂತಿತು. ಬಲದ್ದಕ್ಕೆ ಕೊನೆಗೆ ಸಬ್‌ಟ್ರಿಮ್ 4 ಬೇಕಾಯಿತು. ನಲವತ್ತಲ್ಲ, ನಾಲ್ಕು. ಅಷ್ಟಕ್ಕೇ ಆ ಸವಲತ್ತು ಇರುವುದು.

10 ನವೆಂಬರ್, ರವಿವಾರ

ಒಬ್ಬನೇ ಕೂತು ಸರ್ವೊಗಳನ್ನು ರೆಕ್ಕೆಯಲ್ಲಿ ಕೂರಿಸಿದೆ. ಸರ್ವೊದ ಮೈಗೆ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ, ಆ ಕೊಳವೆಯನ್ನು ಪ್ಲೈವುಡ್ ಚೌಕಟ್ಟಿಗೆ ಅಂಟಿಸಿದ್ದು. ಸರ್ವೊ ಕೆಟ್ಟರೆ ಬ್ಲೇಡಿನಿಂದ ಕೊಯ್ದು ತೆಗೆಯಬಹುದು. ನೇರ ಫೆವಿಕ್ವಿಕ್ ಹಾಕಿದರೆ ಅಂಟು ಒಳಗೆ ಹರಿದು ಗೇರು ಹಿಡಿಯುವ ಅಪಾಯ.

ಎರಡನ್ನೂ ಕನ್ನಡಿಯ ಬಿಂಬದಂತೆ ಎದುರುಬದುರು ಹಾಕಿದ್ದೇನೆ: ಎಡದ್ದರ ಅಕ್ಷ ಎಡತುದಿಯತ್ತ, ಬಲದ್ದರದು ಬಲತುದಿಯತ್ತ. ಹೀಗಿದ್ದರೆ ಎರಡಕ್ಕೂ ಒಂದೇ ಸಿಗ್ನಲ್ ಹೋದರೂ ಒಂದು ಆರ್ಮ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಓಡುತ್ತದೆ. ಒಂದು ಐಲೆರಾನ್ ಏಳುತ್ತದೆ, ಇನ್ನೊಂದು ಇಳಿಯುತ್ತದೆ. ವೈ ಆಕಾರದ ವೈರ್ ಹಾಕಿ ಒಂದೇ ಚಾನೆಲ್‌ನಲ್ಲಿ ಮುಗಿಸುವವರಿಗೆ ಈ ಎದುರುಬದುರು ಬೇಕೇಬೇಕು, ವೈ ವೈರ್ ದಿಕ್ಕು ಬದಲಿಸುವುದಿಲ್ಲ. ನಮ್ಮ ರಿಸೀವರ್‌ನಲ್ಲಿ ಚಾನೆಲ್‌ಗೆ ಬರವಿಲ್ಲ, ಆದ್ದರಿಂದ ಒಂದೊಂದಕ್ಕೆ ಒಂದೊಂದು.

ವೈರಿನ ಜೋಡಣೆಗೆ ದಾರ ಸುತ್ತಿ ಅಂಟು ಸವರಿದೆ. ರೆಕ್ಕೆಯ ಒಳಗೆ ಕನೆಕ್ಟರ್ ಸಡಿಲಾದರೆ ಮೇಲಿನಿಂದ ಯಾರಿಗೂ ಕಾಣುವುದಿಲ್ಲ.

17 ನವೆಂಬರ್, ರವಿವಾರ

ಮೊಮ್ಮಗಳು ಶನಿವಾರ ರಾತ್ರಿಯೇ ಬಂದಳು. ಬರುವಾಗ ಸೈಕಲ್ ಅಂಗಡಿಯಿಂದ ಸರ್ವೊದ ಆರ್ಮನ್ನು ಐಲೆರಾನಿಗೆ ಜೋಡಿಸಲು ನಾಲ್ಕು ಸ್ಪೋಕ್ ಕಡ್ಡಿ ತಂದಿದ್ದಾಳೆ. ಪುಶ್‌ರಾಡಿಗೆ ಇದಕ್ಕಿಂತ ಗಟ್ಟಿ ತಂತಿ ನಮ್ಮೂರಲ್ಲಿ ಸಿಗುವುದಿಲ್ಲ. 2 ಮಿ.ಮೀ. ದಪ್ಪ, ತುಸು ಭಾರ, ಆದರೆ ಒಂದು ಗೇಣಿಗಿಂತ ಕಡಿಮೆ ಉದ್ದಕ್ಕೆ ಕತ್ತರಿಸಿದರೆ ಬಾಗುವ ಮಾತೇ ಇಲ್ಲ. ಪುಶ್‌ರಾಡ್ ಎಳೆಯುವಾಗ ಎಂಥ ತಂತಿಯೂ ನಡೆಯುತ್ತದೆ, ತಳ್ಳುವಾಗ ತೆಳು ತಂತಿ ಬಿಲ್ಲಿನಂತೆ ಬಾಗುತ್ತದೆ. ನೆಲದ ಮೇಲೆ ಐಲೆರಾನ್ ಪೂರ್ತಿ ಎದ್ದಂತೆ ಕಂಡರೂ ಗಾಳಿಯ ಒತ್ತಡದಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಐಲೆರಾನಿನ ಕೆಳಗೆ ನಿಂತು ಕಡ್ಡಿ ಹಿಡಿಯುವ ಹಾರ್ನ್‌ಗಳನ್ನು ಹಳೆಯ ಸರ್ಕಿಟ್ ಬೋರ್ಡಿನ ಹಾಳೆಯಿಂದ ಕತ್ತರಿಸಿದೆ. ಫೈಬರ್‌ಗ್ಲಾಸ್, ರಂಧ್ರ ಬೇಗ ಅಗಲವಾಗುವುದಿಲ್ಲ. ಹಾರ್ನ್ ಕೂರಿಸುವಾಗ ನೋಡಬೇಕಾದ್ದು ಒಂದೇ. ಕಡ್ಡಿ ಸಿಕ್ಕಿಸುವ ರಂಧ್ರ ಐಲೆರಾನ್ ತಿರುಗುವ ಹಿಂಜ್ ಗೆರೆಯ ನೇರ ಕೆಳಗೆ ಬರಬೇಕು. ಹಿಂದೆ ಸರಿದರೆ ಮೇಲಿನ ಓಟ, ಕೆಳಗಿನ ಓಟ ಬೇರೆ ಬೇರೆಯಾಗುತ್ತದೆ, ಅದೂ ನಮ್ಮ ಇಚ್ಛೆ ಕೇಳದೆ. ಮೊಮ್ಮಗಳು ಗುಂಡುಪಿನ್ನು, ದಾರ ಹಿಡಿದು ಎರಡೂ ಕಡೆ ನೇರ ನೋಡಿದಳು. ಅವಳ ಕಣ್ಣು ಚೂಪು.

ಆಮೇಲೆ ವಾದ ಬಂತು. ಅವಳು ಕಡ್ಡಿಯನ್ನು ಆರ್ಮಿನ ಹೊರ ತುದಿಯ ರಂಧ್ರಕ್ಕೆ ಹಾಕಿದ್ದಳು. ಓಟ ಅತಿಯಾಯಿತು. ರೇಡಿಯೋದಲ್ಲಿ ನಲವತ್ತು ಪ್ರತಿಶತಕ್ಕೆ ಇಳಿಸಿದಳು. ಸಂಖ್ಯೆ ಸರಿಯಾಯಿತು. ನನಗೆ ಸಮಾಧಾನವಾಗಲಿಲ್ಲ. ಸರ್ವೊ ತನ್ನ ಓಟದ ನಲವತ್ತು ಭಾಗದಲ್ಲೇ ಕೆಲಸ ಮುಗಿಸಿದರೆ ಅದರ ಸೂಕ್ಷ್ಮತೆಯ ಅರುವತ್ತು ಭಾಗ ಸುಮ್ಮನೆ ಹೋಯಿತು. ಉದ್ದ ತೋಳಿನಲ್ಲಿ ಬಲವೂ ಕಮ್ಮಿ. ಗೇರುಗಳ ನಡುವಿನ ಸಡಿಲ ಎಷ್ಟಿದೆಯೋ ಅದು ಉದ್ದ ತೋಳಿನ ತುದಿಯಲ್ಲಿ ದೊಡ್ಡದಾಗಿ ಐಲೆರಾನಿಗೆ ತಲುಪುತ್ತದೆ. ಸಡಿಲ ಐಲೆರಾನ್ ವೇಗದಲ್ಲಿ ಪಟಪಟ ಬಡಿದುಕೊಳ್ಳಲು ಶುರುವಾದರೆ ರೆಕ್ಕೆ ಗಾಳಿಯಲ್ಲೇ ಮುರಿಯಬಹುದು. ಒಳಗಿನ ರಂಧ್ರಕ್ಕೆ ಹಾಕಿ, ಹಾರ್ನ್‌ನಲ್ಲಿ ಹೊರಗಿನದಕ್ಕೆ ಹಾಕಿದರೆ ಬಲ ಹೆಚ್ಚುತ್ತದೆ, ಸಡಿಲ ಕುಗ್ಗುತ್ತದೆ.

ಕಾಗದದ ಮೇಲೆ ಲೆಕ್ಕ ಮಾಡಿಸಿದೆ. ಆರ್ಮ್ 8 ಮಿ.ಮೀ., ಹಾರ್ನ್ 14 ಮಿ.ಮೀ. ಸರ್ವೊ 45 ಡಿಗ್ರಿ ತಿರುಗಿದರೆ ಐಲೆರಾನ್ ಸುಮಾರು 24 ಡಿಗ್ರಿ. ನಮ್ಮ ಐಲೆರಾನಿನ ಅಗಲ 4 ಸೆಂ.ಮೀ., ಹಾಗಾದರೆ ಹಿಂದಂಚು 16 ಮಿ.ಮೀ. ಏರುತ್ತದೆ. ನಮಗೆ ಬೇಕಾದ್ದು 12. ರೇಡಿಯೋದಲ್ಲಿ ಕತ್ತರಿಸಬೇಕಾದ್ದು ಕಾಲು ಭಾಗ ಮಾತ್ರ.

"ಹಿಂಗಾದ್ರ ಸರ್ವೊ ಪೂರಾ ದುಡೀತೈತಿ" ಅಂದಳು. ಅವಳೇ ಬಿಚ್ಚಿ, ಅವಳೇ ಬದಲಿಸಿದಳು.

24 ನವೆಂಬರ್, ಗಣೇಶಗುಡಿ

ಜೋಯಿಡಾದಲ್ಲಿ ನೆಂಟರ ಗೃಹಪ್ರವೇಶ. ಹೋಗುವ ದಾರಿಯಲ್ಲಿ ಸೂಪಾ ಅಣೆಕಟ್ಟು ಕಾಣುವ ಕಡೆ ಕಾರು ನಿಲ್ಲಿಸಿದೆವು. 101 ಮೀಟರ್ ಎತ್ತರದ ಕಾಂಕ್ರೀಟು, ಹಿಂದೆ ಮುಳುಗಿದ ಹಳೆಯ ಸೂಪಾ ಊರು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂದದ್ದೇ ಆ ಕಾರಣಕ್ಕೆ. ಅಜ್ಜಿಯ ತವರಿನ ಕಡೆಯವರು ಆ ಊರಿನ ಸಂತೆಯ ಮಾತು ಈಗಲೂ ಆಡುತ್ತಾರೆ.

ಮೊಮ್ಮಗಳಿಗೆ ಇಲ್ಲಿಂದ ವಿಮಾನ ಹಾರಿಸಿದರೆ ಹೇಗಿರುತ್ತದೆ ಅಂತ ಆಸೆ. ಆಗದ ಮಾತು. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಕೆಳಗೆ ವಿದ್ಯುದಾಗಾರ. ಕಾಡಿನ ಮೇಲೆ ಮಂಗಟ್ಟೆ ಹಕ್ಕಿಗಳು ಹಾರಲಿ, ಆ ಆಕಾಶ ಅವುಗಳದ್ದು.

ಆದರೆ ಅವಳಿಗೆ ತೋರಿಸಬೇಕಾದ್ದು ಬೇರೆ ಇತ್ತು. ಅಣೆಕಟ್ಟಿನ ಬುಡದ ಆಗಾರದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಟರ್ಬೈನಿಗೆ ಎಷ್ಟು ನೀರು ಹೋಗಬೇಕು ಅನ್ನುವುದನ್ನು ನಿರ್ಧರಿಸುವುದು ಸುತ್ತ ನಿಂತ ಗೈಡ್ ವೇನ್‌ಗಳು. ಅವನ್ನೆಲ್ಲ ಒಟ್ಟಿಗೆ ತಿರುಗಿಸುವ ಎಣ್ಣೆ ಒತ್ತಡದ ಸಿಲಿಂಡರಿಗೂ ಹೆಸರು ಸರ್ವೊಮೋಟರ್. ಟರ್ಬೈನಿನ ವೇಗ ತಗ್ಗಿದರೆ ಗವರ್ನರ್ ಎಣ್ಣೆ ಬಿಡುತ್ತದೆ, ಪಿಸ್ಟನ್ ಸರಿಯುತ್ತದೆ, ವೇನ್ ಎಷ್ಟು ತೆರೆಯಿತು ಅನ್ನುವ ಸುದ್ದಿ ಗವರ್ನರಿಗೆ ಮರಳಿ ಬರುತ್ತದೆ. ಮನುಷ್ಯನಷ್ಟು ಎತ್ತರದ ಯಂತ್ರ, ನಮ್ಮ ಹದಿಮೂರು ಗ್ರಾಮಿನ ಪೆಟ್ಟಿಗೆ, ಎರಡರ ನಡೆ ಒಂದೇ.

ಈ ವಿಚಾರವನ್ನು ಪುಸ್ತಕವಾಗಿ ಬರೆದವನು ಫ್ರಾನ್ಸಿನ ಜೋಸೆಫ್ ಫಾರ್ಕೊ, 1873ರಲ್ಲಿ. ದೊಡ್ಡ ಹಡಗುಗಳ ಚುಕ್ಕಾಣಿಯನ್ನು ಮನುಷ್ಯನ ತೋಳು ತಿರುಗಿಸಲಾರದಾದಾಗ, ಚುಕ್ಕಾಣಿಗನ ಕೈ ಎಷ್ಟು ತಿರುಗಿತೋ ಅಷ್ಟೇ ತಿರುಗುವ ಉಗಿಯಂತ್ರ ಬೇಕಾಯಿತು. ಐಲೆರಾನಿನ ಕಲ್ಪನೆಗೆ ಇಂಗ್ಲೆಂಡಿನ ಮ್ಯಾಥ್ಯೂ ಬೌಲ್ಟನ್ ಪೇಟೆಂಟ್ ಪಡೆದದ್ದು ಅದಕ್ಕೂ ಮೊದಲು, 1868ರಲ್ಲಿ. ವಿಮಾನ ಇನ್ನೂ ಹುಟ್ಟಿರಲೇ ಇಲ್ಲ. ಅದನ್ನು ವಾಲಿಸುವ ಬಗೆ ಹುಟ್ಟಿತ್ತು! ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

3 ಡಿಸೆಂಬರ್, ಮಂಗಳವಾರ

ತಮಿಳುನಾಡಿನ ಕಡೆ ಅಪ್ಪಳಿಸಿದ ಫೆಂಗಲ್ ಚಂಡಮಾರುತದ ಮೋಡ ಇಲ್ಲಿಗೂ ಬಂದಿದೆ. ತಂಪು, ಜಿಗುಟು ಹವೆ. ರೆಕ್ಕೆಯ ಮೇಲೆ ಫಿಲ್ಮ್ ಇಸ್ತ್ರಿ ಮಾಡಿದೆ. ಬಾಲ್ಸಾ ತೇವ ಹೀರುವ ಮರ. ಹೊದಿಕೆ ಒಣ ದಿನದಲ್ಲಿ ಹಾಕುವುದು ಒಳ್ಳೆಯದು, ಆದರೆ ಇದೇ ವಾರ ಮುಗಿಸಬೇಕಿತ್ತು.

8 ಡಿಸೆಂಬರ್, ರವಿವಾರ

ಇವತ್ತು ಓಟ ಅಳೆಯುವ ದಿನ. ಪ್ರೊಪೆಲ್ಲರ್ ಬಿಚ್ಚಿಟ್ಟು ಬ್ಯಾಟರಿ ಜೋಡಿಸಿದೆವು. ಮೋಟರ್ ಇರುವ ವಿಮಾನದಲ್ಲಿ ಮೇಜಿನ ಕೆಲಸಕ್ಕೆ ಪ್ರೊಪೆಲ್ಲರ್ ಇರಕೂಡದು, ಈ ಒಂದು ವಿಷಯದಲ್ಲಿ ಮನೆಯಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಮೊದಲು ದಿಕ್ಕು. ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಐಲೆರಾನ್ ಏಳಬೇಕು, ಎಡದ್ದು ಇಳಿಯಬೇಕು. ಸ್ಟಿಕ್ ಯಾವ ಕಡೆಯೋ ಆ ಕಡೆಯದ್ದು ಮೇಲೆ. ಎದುರಿಗೆ ನಿಂತು ನೋಡಿದರೆ ಎಡಬಲ ಅದಲುಬದಲಾಗಿ ತಲೆ ಕೆಡುತ್ತದೆ. ದಿಕ್ಕು ತಿರುವುಮುರುವಾದ ಐಲೆರಾನ್ ಎಷ್ಟೋ ಹೊಸ ವಿಮಾನಗಳನ್ನು ನೆಲ ಬಿಟ್ಟ ಕ್ಷಣದಲ್ಲೇ ನೆಲಕ್ಕೆ ಬಡಿದಿದೆ. ಹಾರಿಸುವವನು ಸರಿಪಡಿಸಲು ಸ್ಟಿಕ್ ಹೆಚ್ಚು ತಳ್ಳಿದಷ್ಟೂ ಅದು ಹೆಚ್ಚು ಮಗುಚುತ್ತದೆ. ನಾವು ನೋಡಿದ್ದು ಸಾಲದೆಂದು ಮೊಮ್ಮಗಳ ಅಜ್ಜಿಯನ್ನು ಕರೆದು "ಯಾವುದು ಎದ್ದಿತು ಹೇಳು" ಅಂದೆವು. ಅವಳು "ಬಲದ್ದು" ಅಂದ ಮೇಲೆ ಗುರುತು ಹಾಕಿದೆವು.

ಆಮೇಲೆ ಕಿವಿ. ಸ್ಟಿಕ್ ತುದಿಗೆ ಹಿಡಿದಾಗ ಸರ್ವೊ ಗುಂಯ್‌ಗುಡುತ್ತಲೇ ಇದ್ದರೆ ಎಲ್ಲೋ ತಡೆ ಇದೆ ಎಂದರ್ಥ. ತಲುಪಲಾರದ ಕಡೆಗೆ ಅದು ಒದ್ದಾಡುತ್ತಿದೆ, ಕರೆಂಟು ಎಳೆಯುತ್ತಿದೆ. ಎಡದ್ದು ಗುಂಯ್ ಅಂದಿತು. ಫಿಲ್ಮ್‌ನ ಅಂಚು ಹಿಂಜ್ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಬ್ಲೇಡಿನಿಂದ ಬಿಡಿಸಿದ ಮೇಲೆ ಮೌನ.

ಇನ್ನು ಡಿಫರೆನ್ಷಿಯಲ್. ಐಲೆರಾನ್ ಇಳಿದ ರೆಕ್ಕೆಗೆ ಎತ್ತುವ ಬಲ ಹೆಚ್ಚುತ್ತದೆ, ಜೊತೆಗೆ ಗಾಳಿಯ ಎಳೆತವೂ ಹೆಚ್ಚುತ್ತದೆ. ಎಡಕ್ಕೆ ತಿರುಗಲು ಬಲ ರೆಕ್ಕೆ ಎತ್ತಿದರೆ, ಎತ್ತಿದ ಅದೇ ರೆಕ್ಕೆ ಹಿಂದಕ್ಕೆ ಎಳೆಯಲ್ಪಟ್ಟು ಮೂಗು ಬಲಕ್ಕೆ ಹೊರಳುತ್ತದೆ. ವಾಲುವುದು ಒಂದು ಕಡೆ, ಮುಖ ಇನ್ನೊಂದು ಕಡೆ. ರೈಟ್ ಸೋದರರನ್ನು ಗ್ಲೈಡರ್ ದಿನಗಳಲ್ಲಿ ಕಾಡಿದ್ದು ಇದೇ. ಅವರು ಐಲೆರಾನ್ ಬದಲು ಇಡೀ ರೆಕ್ಕೆಯನ್ನೇ ತಿರುಚುತ್ತಿದ್ದರು. 1902ರ ಗ್ಲೈಡರಿನಲ್ಲಿ ಹಿಂದಿನ ಚುಕ್ಕಾಣಿಯನ್ನು ಚಲಿಸುವಂತೆ ಮಾಡಿ, ರೆಕ್ಕೆ ತಿರುಚುವ ತಂತಿಗೇ ಕಟ್ಟಿದರು. ಆ ತೊಡಕು ಬಿಡಿಸಿದ ಮರುವರ್ಷ, 1903ರ ಡಿಸೆಂಬರ್ 17ರಂದು ಮೋಟರಿನ ವಿಮಾನ ಹಾರಿತು.

ಇನ್ನೊಂದು ದಾರಿಯೇ ಡಿಫರೆನ್ಷಿಯಲ್, ಐಲೆರಾನ್ ಮೇಲೆ ಹೆಚ್ಚು ಏಳುವಂತೆ, ಕೆಳಗೆ ಕಡಿಮೆ ಇಳಿಯುವಂತೆ ಮಾಡುವುದು. ನನ್ನ ಕೈ ಸಹಜವಾಗಿ ಕಡ್ಡಿಯ ಕಡೆ ಹೋಯಿತು. ನಮ್ಮ ಆರ್ಮ್ ರೆಕ್ಕೆಯ ಕೆಳಗಿದೆ, ಕಡ್ಡಿ ತಳ್ಳಿದಾಗ ಐಲೆರಾನ್ ಏಳುತ್ತದೆ. ನಡುವಿನ ಸ್ಥಿತಿಯಲ್ಲಿ ಆರ್ಮ್ ಅನ್ನು ರೆಕ್ಕೆಯ ಮುಂದಂಚಿನತ್ತ ತುಸು ವಾಲಿಸಿದರೆ ತಳ್ಳುವ ಓಟ ಹೆಚ್ಚಾಗಿ ಎಳೆಯುವ ಓಟ ಕಡಿಮೆಯಾಗುತ್ತದೆ. ಒಂದೇ ಸರ್ವೊದಿಂದ ಎರಡೂ ಐಲೆರಾನ್ ನಡೆಸುತ್ತಿದ್ದ ಕಾಲದಲ್ಲಿ ಕಡ್ಡಿ ಸಿಕ್ಕಿಸುವ ಜಾಗ ಸರಿಸಿ ಇದನ್ನೇ ಮಾಡುತ್ತಿದ್ದರು.

"ಅಜ್ಜಾ, ಎಷ್ಟು ಬೇಕು ಅಂತ ಈಗ ಹೆಂಗ ಗೊತ್ತು? ಹಾರಿಸಿ ನೋಡಿದ ಮ್ಯಾಲೆ ತಿಳೀತೈತಿ. ಹೊಲದಾಗ ನಿಂತು ಆರ್ಮ್ ಬಿಚ್ಚತೀಯೇನು? ಎರಡು ಸರ್ವೊಕ್ಕ ಎರಡು ಚಾನೆಲ್ ಕೊಟ್ಟಿದ್ದು ಇದಕ್ಕ ಅಲ್ಲೇನು?"

ಅವಳ ಮಾತು ಸರಿ. ನಡು, ಕಾಟಕೋನ, ರಂಧ್ರದ ಜಾಗ, ಇವು ಒಮ್ಮೆ ನಿಂತರೆ ಮತ್ತೆ ಬದಲಾಗುವಂಥವಲ್ಲ, ಅವು ಲೋಹದಲ್ಲೇ ಸರಿಯಾಗಬೇಕು. ಡಿಫರೆನ್ಷಿಯಲ್ ಹಾಗಲ್ಲ, ಗಾಳಿಯನ್ನು ಕೇಳಿ ಕೇಳಿ ತಿದ್ದುವಂಥದ್ದು. ಅದು ರೇಡಿಯೋದಲ್ಲೇ ಇರಲಿ. ಮೇಲೆ 12 ಮಿ.ಮೀ., ಕೆಳಗೆ 7. ಎಕ್ಸ್‌ಪೊ 25 ಪ್ರತಿಶತ, ನಡುವಿನಲ್ಲಿ ಸ್ಟಿಕ್ ಮೆದುವಾಗಿರಲೆಂದು. ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ರೆಕ್ಕೆಯ ಒಳಬದಿಗೆ ಅಂಟಿಸಿದಳು.

22 ಡಿಸೆಂಬರ್, ಹಳಿಯಾಳ

ಹಾರಿತು.

ಹಳಿಯಾಳ ದಾಟಿ ಅಳ್ನಾವರ ರಸ್ತೆಯ ಕಡೆ, ಭಾವನ ಹೊಲದ ಪಕ್ಕದ ಗಾಯರಾಣ. ಭತ್ತ ಕೊಯ್ದು ಬಣವಿ ಒಟ್ಟಿ ಆಗಿದೆ, ಕೂಳೆಯಲ್ಲಿ ದನ ಮೇಯುತ್ತಿವೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ. ದಾಂಡೇಲಿಯ ಕಾಡಿನಿಂದ ಇಲ್ಲಿಗೆ ಬಂದರೆ ಆಕಾಶ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಂಡೆವು. 2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ 400 ಅಡಿಯವರೆಗೆ ಅವಕಾಶ, ಮಾದರಿ ವಿಮಾನ ಕಣ್ಣಳತೆಯಲ್ಲೇ ಇರಬೇಕು. ನಮ್ಮದು ಒಂದು ಕಿಲೋ ಮುನ್ನೂರು ಗ್ರಾಂ. ಕಣ್ಣಳತೆ ಮೀರಿದರೆ ಅದು ನಮಗೂ ಬೇಡ.

ರೇಂಜ್ ಪರೀಕ್ಷೆಗೆ ರೇಡಿಯೋದ ಶಕ್ತಿ ತಗ್ಗಿಸಿ ಮೂವತ್ತು ಮೀಟರ್ ನಡೆದೆ. ಮೊಮ್ಮಗಳು ಅಲ್ಲಿ ವಿಮಾನ ಹಿಡಿದು ಐಲೆರಾನ್ ನೋಡುತ್ತ ನಿಂತಿದ್ದಳು. ನಾನು ಸ್ಟಿಕ್ ಆಡಿಸಿದ ಹಾಗೆ ಅವಳು ಕೈಯೆತ್ತಿ ಎಡ, ಬಲ ಅಂತ ತೋರಿಸಿದಳು. ಎಲ್ಲೂ ತಡವರಿಸಲಿಲ್ಲ. ಗುರುತ್ವ ಕೇಂದ್ರ ರೆಕ್ಕೆಯ ಅಗಲದ ಕಾಲು ಭಾಗಕ್ಕೆ ಸ್ವಲ್ಪ ಹಿಂದೆ, ಬೆರಳ ಮೇಲೆ ಸಮ ನಿಂತಿತು. ಆಮೇಲೆ ರೇಡಿಯೋ ಅವಳ ಕೈಗೆ. ಹಾರಿಸುವವಳು ಅವಳೇ.

ಗಾಳಿಗೆ ಮುಖ ಮಾಡಿ ಓಡಿಸಿದಳು. ಬಾಲ ಎದ್ದಿತು, ಮೂಗು ಎಡಕ್ಕೆ ಎಳೆಯಿತು, ಅವಳು ಬಲ ರಡ್ಡರ್ ಕೊಟ್ಟಳು, ನೆಲ ಬಿಟ್ಟಿತು. ನಾಲ್ಕಾಳೆತ್ತರ ಏರುತ್ತಿದ್ದಂತೆ ಎಡಕ್ಕೆ ವಾಲತೊಡಗಿತು. ಅವಳು ಹೆದರಲಿಲ್ಲ. ಬಲಕ್ಕೆ ತುಸು ಹಿಡಿದುಕೊಂಡೇ ಏರಿಸಿದಳು, ಎತ್ತರಕ್ಕೆ ಹೋದ ಮೇಲೆ ಟ್ರಿಮ್ ಒತ್ತಿ ಕೈ ಬಿಟ್ಟಳು. ನೇರ ಹೋಯಿತು. ಬಿಸಿಲಿಗೆ ಹಳದಿ ರೆಕ್ಕೆ ಹೊಳೆಯಿತು. ಬಣವಿಗಳ ಮೇಲಿನಿಂದ ಸುತ್ತು ಹಾಕಿದಾಗ ವಾಲುವುದೂ ತಿರುಗುವುದೂ ಒಟ್ಟಿಗೇ ಆಗುತ್ತಿತ್ತು, ಮೂಗು ಹಿಂಜರಿಯುತ್ತಿರಲಿಲ್ಲ. 12ಕ್ಕೆ 7, ಮೊದಲ ಅಂದಾಜೇ ಸರಿ ಬಿದ್ದಿದೆ. ಭಾವ ಬಂದು ಪಕ್ಕದಲ್ಲಿ ನಿಂತು ರುಮಾಲು ತೆಗೆದು ನೋಡಿದರು. ಅವರಿಗೆ ಎಂಬತ್ತು ದಾಟಿದೆ. "ಒಳಗ ಯಾರ ಅದಾರ ಅನ್ನಿಸ್ತದ" ಅಂದರು.

ಇಳಿದ ಮೇಲೆ ಮೊದಲ ಕೆಲಸ, ರೇಡಿಯೋ ಮುಟ್ಟದೆ ಐಲೆರಾನ್ ಅಳೆಯುವುದು. ಟ್ರಿಮ್‌ನಿಂದಾಗಿ ಬಲದ್ದು 1.5 ಮಿ.ಮೀ. ಎದ್ದಿದೆ, ಎಡದ್ದು ಹೆಚ್ಚುಕಡಿಮೆ ಒಂದು ಮಿ.ಮೀ. ಇಳಿದಿದೆ.

"ತುದಿಯ ಕ್ಲೆವಿಸ್ ತಿರುವಿ ಕಡ್ಡಿ ಉದ್ದ ಮಾಡೂಣೇನು? ಆವಾಗ ಟ್ರಿಮ್ ಸೊನ್ನಿಗೆ ಬರತೈತಿ" ಅಂದಳು. ನವೆಂಬರಿನಲ್ಲಿ ಸಬ್‌ಟ್ರಿಮ್ ನಲವತ್ತು ಹಾಕಿದ ಹುಡುಗಿ ಈಗ ಕಡ್ಡಿಯ ಮಾತಾಡುತ್ತಿದ್ದಾಳೆ! ನನಗಾದ ಸಂತೋಷ ಇಲ್ಲಿ ಬರೆದು ಮುಗಿಯದು.

ಆದರೆ ಕಡ್ಡಿಗೂ ಹಿಂದೆ ಒಂದು ಪ್ರಶ್ನೆ ಇದೆ: ಎಡಕ್ಕೆ ಯಾಕೆ ವಾಲಿತು? ಸರ್ವೊ ನಡುವಿನಲ್ಲಿದೆ, ಆರ್ಮ್ ನೆಟ್ಟಗಿದೆ, ಐಲೆರಾನ್ ಮೇಜಿನ ಮೇಲೆ ರೆಕ್ಕೆಯ ಅಂಚಿಗೆ ಸಮವಿತ್ತು. ವಿಮಾನವನ್ನು ಭಾವನ ಜಗುಲಿಯ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದೆವು. ಎಡರೆಕ್ಕೆಯ ತುದಿ ತಿರುಚಿದೆ. ಅದರ ಹಿಂದಂಚು ಬಲದ್ದಕ್ಕಿಂತ ಮೇಲೆ. ಅಲ್ಲಿ ಎತ್ತುವ ಬಲ ಕಡಿಮೆಯಾಗಿ ಆ ರೆಕ್ಕೆ ಕುಸಿಯುತ್ತಿದೆ. ಫೆಂಗಲ್‌ನ ತೇವದಲ್ಲಿ ಹೊದಿಸಿದ ಮರ ಈಗ ಒಣಗಿದೆ, ಫಿಲ್ಮ್ ತನ್ನ ಕಡೆ ಎಳೆದಿದೆ.

ಅತ್ತಿಗೆಯ ಇಸ್ತ್ರಿ ಪೆಟ್ಟಿಗೆಯೇ ಸಾಕಾಯಿತು. ಮೊಮ್ಮಗಳು ರೆಕ್ಕೆಯ ತುದಿಯನ್ನು ಎದುರು ದಿಕ್ಕಿಗೆ ತುಸು ಹೆಚ್ಚೇ ತಿರುಚಿ ಹಿಡಿದಳು, ನಾನು ಮೇಲೂ ಕೆಳಗೂ ಫಿಲ್ಮ್ ಬಿಸಿ ಮಾಡಿದೆ, ತಣಿಯುವವರೆಗೆ ಹಾಗೇ ಹಿಡಿದು ಬಿಟ್ಟೆವು. ಟ್ರಿಮ್ ಸೊನ್ನೆಗೆ ತಂದು ಮತ್ತೆ ಹಾರಿಸಿದಳು. ಒಂದೆರಡು ಕ್ಲಿಕ್ ಬಲಕ್ಕೆ ಬೇಕಾಯಿತು, ಅಷ್ಟೇ. ಆ ಒಂದೆರಡಕ್ಕೆ ಆಮೇಲೆ ಕ್ಲೆವಿಸ್ ಅರ್ಧ ಸುತ್ತು ತಿರುವಿದೆವು.

5 ಜನವರಿ 2025, ಮುಂಡಗೋಡ

ಹಳೆಯ ಗೆಳೆಯರೊಬ್ಬರು ಇಲ್ಲಿ ಮಾಸ್ತರಿಕೆಯಿಂದ ನಿವೃತ್ತರು. ಓದುವಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದವರು. ಏರೋಮಾಡೆಲಿಂಗ್ ಆ ವಿಭಾಗದಲ್ಲಿ ಕಲಿಸುವ ವಿದ್ಯೆ. ಅವರ ಕಾಲದ ಕಂಟ್ರೋಲ್ ಲೈನ್ ವಿಮಾನಕ್ಕೆ ರೇಡಿಯೋ ಇರಲಿಲ್ಲ, ಕೈಯಿಂದ ಎರಡು ಉದ್ದ ತಂತಿ ಹೊರಟು ವಿಮಾನ ಸುತ್ತಲೂ ತಿರುಗುತ್ತಿತ್ತು. ತಂತಿ ಎಳೆದರೆ ಎಲಿವೇಟರ್ ಮಾತ್ರ ಆಡುತ್ತಿತ್ತು, ಐಲೆರಾನಿನ ಗೊಡವೆಯೇ ಇಲ್ಲ. ಅವರು ನಮ್ಮ ರೆಕ್ಕೆ ತಿರುಗಿಸಿ, ಕಡ್ಡಿ ಅಲ್ಲಾಡಿಸಿ, ಸಡಿಲ ಹುಡುಕಿದರು. ಸಿಗಲಿಲ್ಲ. ಮೊಮ್ಮಗಳ ಕಡೆ ನೋಡಿ ತಲೆ ಆಡಿಸಿದರು.

ಗೋವಿನಜೋಳ ಮುರಿದು ಹೋದ ಹೊಲ, ದೂರದಲ್ಲಿ ಟಿಬೆಟನ್ ಕ್ಯಾಂಪಿನ ದಾರಿ. 1966ರಿಂದ ಟಿಬೆಟನ್ನರು ಇಲ್ಲಿದ್ದಾರೆ, ಗೋವಿನಜೋಳ, ಭತ್ತ ಬೆಳೆಯುವುದರಲ್ಲಿ ನಮ್ಮವರಷ್ಟೇ ಪಳಗಿದವರು. ಗಾಂಡೆನ್, ಡ್ರೆಪುಂಗ್ ಮಠಗಳ ಕಡೆ ನಡೆದು ಹೋಗುತ್ತಿದ್ದ ಕೆಂಪು ಬಟ್ಟೆಯ ಹುಡುಗ ಸನ್ಯಾಸಿಗಳು ಬದುವಿನ ಮೇಲೆ ಸಾಲಾಗಿ ಕೂತರು. ಒಬ್ಬ ಚೊಕ್ಕ ಕನ್ನಡದಲ್ಲಿ "ಪೆಟ್ರೋಲೋ ಬ್ಯಾಟರಿಯೋ?" ಅಂತ ಕೇಳಿದ. ಮೊಮ್ಮಗಳು ಬ್ಯಾಟರಿ ತೋರಿಸಿ, ರೆಕ್ಕೆಯ ಅಡಿ ಸರ್ವೊ ಆಡಿಸಿ ತೋರಿಸಿದಳು. ಅವನು ಬೆರಳಿಟ್ಟು ಆರ್ಮ್ ತಡೆಯಲು ನೋಡಿದ, ಅದು ಬೆರಳನ್ನೇ ತಳ್ಳಿತು. ಎಲ್ಲರೂ ನಕ್ಕರು.

ಇವತ್ತಿನ ಗಾಳಿ ಅಡ್ಡ. ಇಳಿಯುವಾಗ ಕೊನೆಗಳಿಗೆಯಲ್ಲಿ ಬಲರೆಕ್ಕೆ ತಗ್ಗಿ, ಐಲೆರಾನ್ ಜೋಳದ ಕೂಳೆಗೆ ತಾಗಿತು. ಹೊರಗೆ ಏನೂ ಮುರಿದಿಲ್ಲ. ಆದರೆ ಸ್ಟಿಕ್ ಆಡಿಸಿದರೆ ಬಲದ್ದು ಒಂದು ಕಡೆ ಕರ್ರ್ ಎಂದು ಜಾರುತ್ತದೆ. ಗೇರಿನ ಹಲ್ಲು ಹೋಗಿದೆ. ಹೀಟ್‌ಶ್ರಿಂಕ್ ಕೊಯ್ದು ತೆಗೆದಾಗ ಚೌಕಟ್ಟಿಗೆ ಗಾಯವಿಲ್ಲ.

9 ಫೆಬ್ರುವರಿ, ರವಿವಾರ, ದಾಂಡೇಲಿ

ಭಾರತ ಹುಣ್ಣಿಮೆ ಬುಧವಾರ. ಉಳವಿ ಜಾತ್ರೆಗೆ ಚಕ್ಕಡಿಗಳು ಹೊರಟಿವೆ, ಹಳಿಯಾಳದಿಂದ ದಾಂಡೇಲಿಯವರೆಗೆ ದಾರಿಯುದ್ದಕ್ಕೂ ಎತ್ತಿನ ಕೊರಳ ಗೆಜ್ಜೆ. ಗಾಯರಾಣದಲ್ಲಿ ಎತ್ತು ಬಿಚ್ಚಿ ಅಡಿಗೆ ಮಾಡುವ ಜನ. ವಿಮಾನದ ಸದ್ದಿಗೆ ಎತ್ತು ಬೆದರುವುದು ಬೇಡ, ಈ ವಾರ ಹಾರಿಸುವುದಿಲ್ಲ.

ಹುಬ್ಬಳ್ಳಿಯಿಂದ ತಂದ ಗೇರು ಹಾಕಿದೆ. ಹೊಸ ಗೇರೆಂದರೆ ಮತ್ತೆ ಮೊದಲಿನಿಂದ: 1.5 ಮಿಲಿಸೆಕೆಂಡ್, ಟ್ರಿಮ್ ಸೊನ್ನೆ, ನಾಲ್ಕು ತೋಳಿನ ಆರ್ಮ್ ತಿರುಗಿಸಿ ತಿರುಗಿಸಿ ಕಾಟಕೋನ. ಈ ಸಲ ಮೂರನೆಯ ತೋಳು ಕೂತಿತು, ಸಬ್‌ಟ್ರಿಮ್ ಬೇಕಾಗಲೇ ಇಲ್ಲ. ಹಾಸ್ಟೆಲ್‌ಗೆ ಫೋನು ಮಾಡಿ ಹೇಳಿದೆ. "ಹಳೇ 4 ತೆಗದೀ ಏನು ರೇಡಿಯೋದಾಗ?" ಅಂತ ತಕ್ಷಣ ಕೇಳಿದಳು. ತೆಗೆದಿದ್ದೇನೆ. ರೆಕ್ಕೆಯ ಒಳಗಿನ ಚೀಟಿಯಲ್ಲೂ ಅವಳ ಅಕ್ಷರದ ಕೆಳಗೆ ತಿದ್ದಿ ಬರೆದೆ: ಬಲ 0, ಎಡ 0, ಮೇಲೆ 12, ಕೆಳಗೆ 7. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು ಎತ್ತಿಟ್ಟಿದ್ದೇನೆ. ಮುಂದಿನ ರವಿವಾರ ಎಲಿವೇಟರಿನ ಕಡ್ಡಿ ನೋಡಬೇಕು, ಅದರಲ್ಲಿ ಕೂದಲೆಳೆಯಷ್ಟು ಆಟವಿದೆ.